ತನುಜಳ ಹೆಸರಿನ ಕೀ

ದಿನಾಂಕ 8-12-2009ರ ಬೆಳಿಗ್ಗೆ ಗೌರಿಬಿದನೂರು ಠಾಣೆಗೆ ಬಂದ ಆವಲಪ್ಪ, ಕುರ್ಚಿ ಎಳೆದುಕೊಳ್ಳುವ ಮೊದಲೇ ಆರೋಪಿಯ ಹೆಸರು ಹೇಳಿಬಿಟ್ಟರು. ಪಟ್ಟಣದಲ್ಲಿ ಅವರದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳಿಗೆಂದು ಬರೆಸುತ್ತಿದ್ದ ಪ್ರೋಗ್ರಾಂ ಬೆಂಗಳೂರಿನ ಸರ್ವರ್‌ನಲ್ಲಿತ್ತು. ಹಿಂದಿನ ದಿನ ಮಧ್ಯಾಹ್ನ 1.40ಕ್ಕೆ ಯಾರೋ ಅದನ್ನು ಹಳೆಯ ಪ್ರತಿಗಳ ಸಮೇತ ಅಳಿಸಿಹಾಕಿದ್ದರು.

"ಯಾರೋ ಅಲ್ಲ ಸಾರ್, ನಮ್ಮ ತನುಜಾನೇ. ಸರ್ವರ್ ತೆಗೆಯೋಕೆ ಒಬ್ಬೊಬ್ರಿಗೂ ಒಂದೊಂದು ಕೀ ಫೈಲಿರುತ್ತೆ, ಅವಳ ಕೀ ಹಾಕ್ಕೊಂಡೇ ಒಳಗೆ ಹೋಗಿರೋದು. ಜ್ವರ ಅಂತ ರಜ ಬೇರೆ ಹಾಕಿದ್ಲು."

ಅಕ್ಟೋಬರ್‌ವರೆಗೆ ಇಂಥ ಕೇಸುಗಳು ಡಿವೈಎಸ್ಪಿಯವರ ತಲೆನೋವಾಗಿದ್ದವು. ಕಾಯಿದೆ ತಿದ್ದುಪಡಿಯಾಗಿ ಈಗ ಇನ್‌ಸ್ಪೆಕ್ಟರ್ ತಲೆಗೆ ಬಂದಿದ್ದವು. ಇನ್‌ಸ್ಪೆಕ್ಟರ್ ಗಣೇಶ್ ಪ್ರಸಾದ್ ಇ-ಮೇಲ್ ನೋಡುವುದಕ್ಕೂ ಠಾಣೆಯ ರೈಟರನ್ನು ಕರೆಯುವ ಮನುಷ್ಯ. ಆದರೂ ಐಟಿ ಕಾಯಿದೆ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು.

ಸರ್ವರ್‌ಗೆ ಸಂಪರ್ಕ ಬಂದದ್ದು ಶಿಡ್ಲಘಟ್ಟ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಿಂದ ಎಂದು ಟೆಲಿಫೋನಿನವರು ಬರೆದು ತಿಳಿಸಿದರು. ಜ್ವರದಿಂದ ಮಲಗಿದ್ದೆ ಎಂದು ತನುಜ ಹೇಳಿಕೆ ಕೊಟ್ಟಳು. ಹೆಡ್ ಕಾನ್‌ಸ್ಟೇಬಲ್ ಕೊಂಡಪ್ಪ ಅವಳ ಊರು ತೊಂಡೇಬಾವಿಗೆ ಹೋಗಿ ವಿಚಾರಿಸಿದರೆ ಅವಳ ತಾಯಿ ಅಶ್ವತ್ಥಮ್ಮ, "ಆವತ್ತೂ ಆಫೀಸಿಗೇ ಹೋದ್ಲಲ್ಲಪ್ಪ" ಎಂದರು. ಸುಳ್ಳು ಸಿಕ್ಕಿಬಿದ್ದಿತ್ತು. ಆವಲಪ್ಪ ದಿನವೂ ಫೋನ್ ಮಾಡಿ ಪೀಡಿಸುತ್ತಿದ್ದರು; ಅವರ ಪರವಾಗಿ ಇನ್ನೂ ದೊಡ್ಡವರು ಮಾಡುತ್ತಿದ್ದರು. ಹುಡುಗಿಯನ್ನು ಒಳಗೆ ಹಾಕಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಗಣೇಶ್ ಪ್ರಸಾದ್‌ಗೆ ಯಾಕೋ ಮನಸ್ಸೊಪ್ಪಲಿಲ್ಲ.

11ರಂದು ಕಂಪನಿಯ ಕಚೇರಿಯಲ್ಲೇ ಪಂಚರ ಮುಂದೆ ಅವಳನ್ನು ಕಂಪ್ಯೂಟರಿಗೆ ಕೂರಿಸಿದರು. ಆವಲಪ್ಪ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು.

"ಒಂದು ಹೊಸ ಕೀ ಮಾಡಮ್ಮ. ಹೆಂಗೆ ಅಂತ ನಾನೂ ನೋಡ್ತೀನಿ."

ಕಪ್ಪು ಪರದೆಯ ಮೇಲೆ ಅವಳು ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದಳು. ಕೀ ಎಲ್ಲಿಡಬೇಕೆಂದು ಕಂಪ್ಯೂಟರ್ ಕೇಳಿತು, ಮತ್ತೆ ಎಂಟರ್. ಆಮೇಲೆ ಕೀಗೊಂದು ಗುಟ್ಟಿನ ಪದ ಕೇಳಿತು. ಅವಳ ಕೈ ನಿಂತಿತು.

"ಯಾಕಮ್ಮ?"

"ನಾನು ಯಾವತ್ತೂ ಮಾಡಿಲ್ಲ ಸಾರ್. ನಮ್ಮ ಸೀನಿಯರ್ ಭಾನು ಅಣ್ಣನೇ ಎಲ್ಲಾರ್ಗೂ ಮಾಡಿ ಪೆನ್‌ಡ್ರೈವಲ್ಲಿ ಕೊಟ್ಟಿದ್ರು."

ಅಂತೂ ಕೀ ತಯಾರಾಯಿತು. ಪರದೆಯಲ್ಲಿ ಎರಡು ಫೈಲು ಕಂಡವು.

"ಎರಡ್ಯಾಕೆ?"

"ಒಂದು ಸರ್ವರ್‌ಗೆ ಹಾಕೋದು, ಯಾರು ನೋಡಿದ್ರೂ ಪರವಾಗಿಲ್ಲ. ಇನ್ನೊಂದು ನಮ್ದು. ಅದನ್ನ ಯಾರ್ಗೂ ಕೊಡಬಾರ್ದು."

"ಯಾರ್ಗೂ ಕೊಡಬಾರ್ದಿದ್ದನ್ನ ಅವರೇ ನಿನಗೆ ಕೊಟ್ರಾ? ಹಂಗಾದ್ರೆ ಅದರ ಇನ್ನೊಂದು ಪ್ರತಿ ಅವರ ಹತ್ರಾನೂ ಇರ್ಬೋದು."

ತನುಜ ಕುರ್ಚಿಯ ಹಿಂದಿದ್ದ ಆವಲಪ್ಪನವರ ಕಡೆ ತಿರುಗಿ ನೋಡಿದಳು. ಇನ್‌ಸ್ಪೆಕ್ಟರ್ ಆವಲಪ್ಪನವರನ್ನು ಹೊರಗೆ ಕಳಿಸಿದರು.

"ಈಗ ನಿಜ ಹೇಳು. ಏಳನೇ ತಾರೀಕು ಎಲ್ಲಿದ್ದೆ?"

ಹುಡುಗಿ ಅತ್ತೇಬಿಟ್ಟಳು. "ಮುದ್ದೇನಹಳ್ಳಿ ಹತ್ರ ಕಾಲೇಜಲ್ಲಿ ಇಂಟರ್‌ವ್ಯೂ ಇತ್ತು ಸಾರ್. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸಿದ್ರು. ಅವು ಆವಲಪ್ಪನೋರ ಬೀರುವಲ್ಲಿವೆ. ಇಲ್ಲಿ ಕೆಲಸ ಮಾಡೋ ಎಲ್ಲಾರ್ದೂ ಅಲ್ಲೇ ಇರೋದು. ಬೇರೆ ಕೆಲಸ ಹುಡುಕ್ತಿದೀನಿ ಅಂತ ಗೊತ್ತಾದ್ರೆ ಅವು ನನ್ನ ಕೈಗೆ ಬರಲ್ಲ ಸಾರ್."

ಅವಳು ಅಂದು ಮಧ್ಯಾಹ್ನ ಎರಡು ಗಂಟೆಯವರೆಗೆ ಪ್ರಾಂಶುಪಾಲರ ಕೋಣೆಯ ಹೊರಗೆ ಕಾದಿದ್ದಳೆಂದು ಕಾಲೇಜಿನವರು ಖಚಿತಪಡಿಸಿದರು.

ಕೀಗಳನ್ನು ಮಾಡಿಕೊಟ್ಟಿದ್ದ ಭಾನುಪ್ರಕಾಶನನ್ನು ಆ ದಿನ ಆವಲಪ್ಪನವರೇ ಕಂಪನಿ ಕೆಲಸದ ಮೇಲೆ ಚಿಂತಾಮಣಿಗೆ ಕಳಿಸಿದ್ದರು. ಚಿಂತಾಮಣಿ ಬಸ್ಸು ಹೋಗುವುದು ಶಿಡ್ಲಘಟ್ಟದ ಮೇಲೆ. ಕೊಂಡಪ್ಪ ಅವನ ಫೋಟೊ ಹಿಡಿದು ಸೈಬರ್ ಸೆಂಟರಿಗೆ ಹೋದ. ಅಂಗಡಿಯವನು ನೋಡಿದ ತಕ್ಷಣ ಗುರುತಿಸಿದ: ಬಂದವನು ಪೆನ್‌ಡ್ರೈವ್ ಚುಚ್ಚಿ, ಬೆವರುತ್ತಾ ಏನೋ ಟೈಪ್ ಮಾಡಿ, ಚಿಲ್ಲರೆಯನ್ನೂ ಕೇಳದೆ ಹೋಗಿದ್ದನಂತೆ.

ಮರುದಿನ ಅವನ ಊರು ನಗರಗೆರೆಯಿಂದ ಭಾನುಪ್ರಕಾಶನನ್ನು ಕರೆತಂದರು.

"ಶಿಡ್ಲಘಟ್ಟದಲ್ಲಿ ಯಾಕೆ ಇಳಿದೆ?"

"ನಾನು ಚಿಂತಾಮಣಿಗೆ ಹೋಗಿದ್ದೆ ಸಾರ್."

"ಸರಿ ಬಿಡು. ತನುಜನ್ನ ಇವತ್ತು ಕೋರ್ಟಿಗೆ ಹಾಜರುಪಡಿಸ್ತೀನಿ."

ಅದು ಶುದ್ಧ ಸುಳ್ಳು. ಆದರೆ ನಾಟಿತು.

"ಅವಳು ರಜದಲ್ಲಿದ್ಲಲ್ಲ ಸಾರ್! ಜ್ವರ ಬಂದು ಮಲಗಿರೋಳನ್ನ ಯಾರು ಹಿಡೀತಾರೆ ಅಂತಾನೇ ಅವಳ ಕೀ ಹಾಕಿದ್ದು."

"ನಿನ್ನ ಕೀಯಲ್ಲೇ ಹೋಗ್ಬೋದಿತ್ತಲ್ಲ?"

"ಭಯ ಆಯ್ತು ಸಾರ್."

ಒಂದು ವರ್ಷದ ಕರಾರಿಗೆ ಸೇರಿದವನಿಗೆ ನಾಲ್ಕು ವರ್ಷ ಕಳೆದಿತ್ತು. ಬಿಡುತ್ತೇನೆ ಎಂದಾಗಲೆಲ್ಲ ಆವಲಪ್ಪ ಬೀರುವಿನ ಕಡೆ ನೋಡಿ ನಗುತ್ತಿದ್ದರಂತೆ. ಕೈಗೆ ಬಂದ ಎರಡು ಕೆಲಸ ಹಾಗೇ ತಪ್ಪಿಹೋಗಿದ್ದವು. "ಪ್ರೋಗ್ರಾಮೇ ಹೋದ್ರೆ ಕಂಪನಿ ಮುಚ್ತಾರೆ, ಮುಚ್ಚಿದ್ರೆ ನಮ್ಮ ಕಾರ್ಡೆಲ್ಲ ವಾಪಸ್ ಕೊಡ್ತಾರೆ ಅನ್ಕೊಂಡೆ ಸಾರ್." ಗಣೇಶ್ ಪ್ರಸಾದ್‌ಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಆಯಿತು.

ಅವರು ಆವಲಪ್ಪನವರನ್ನು ಠಾಣೆಗೆ ಕರೆಸಿದರು. "ಇವರ ಕಾರ್ಡು ಇಟ್ಕೊಳ್ಳೋಕೆ ಯಾವ ಕಾನೂನು ಹೇಳಿದೆ ನಿಮಗೆ? ಆ ಹುಡುಗಿ ಒಂದು ದೂರು ಬರ್ಕೊಟ್ರೆ ಮುಂದಿನ ಎಫ್‌ಐಆರ್ ನಿಮ್ಮದೇ." ಸಂಜೆಯೊಳಗೆ ಬೀರು ಖಾಲಿಯಾಯಿತು. ತನುಜ ತನ್ನ ಮಾರ್ಕ್ಸ್ ಕಾರ್ಡುಗಳ ಲಕೋಟೆಯನ್ನು ಎದೆಗವಚಿಕೊಂಡು ತೊಂಡೇಬಾವಿಯ ರೈಲು ಹಿಡಿಯಲು ಓಡಿದಳು.

ಭಾನುಪ್ರಕಾಶನ ಲಕೋಟೆಯನ್ನೂ ಅವನ ಕೈಗೇ ಕೊಟ್ಟರು. ಬೆಂಚಿನ ಮೇಲೆ ಕೂತು ಅವನು ಒಂದೊಂದೇ ಕಾರ್ಡು ತೆಗೆದು ಓದಿದ. ಅಷ್ಟರಲ್ಲಿ ಕೊಂಡಪ್ಪ ದಸ್ತಗಿರಿ ಮೆಮೊ ಬರೆದು ಮುಗಿಸಿದ. ಇನ್ನುಳಿದದ್ದು ಅಂಗಶೋಧನೆ. ಲಾಕಪ್ಪಿಗೆ ಹೋಗುವವನ ಬಳಿ ಏನಿದ್ದರೂ ಪಟ್ಟಿ ಮಾಡಿ ಠಾಣೆಯ ಬೀರುವಿನಲ್ಲಿಡಬೇಕು.

"ಕೊಡಪ್ಪ," ಎಂದ ಕೊಂಡಪ್ಪ, ಅವನ ಮುಖ ನೋಡದೆ.

ಅವನು ಕಾರ್ಡುಗಳನ್ನು ಜೋಡಿಸಿ ಲಕೋಟೆಗೆ ಸೇರಿಸಿ ಮುಂದೆ ಚಾಚಿದ. ಆದರೆ ಕೈ ಬಿಡಲಿಲ್ಲ.

"ರಸೀದಿ ಕೊಡ್ತೀರಾ ಸಾರ್? ಆವಲಪ್ಪನೋರು ಕೊಟ್ಟಿರ್ಲಿಲ್ಲ."