ಎಂಟೂವರೆಯ ಅಳತೆ

ಅವರನ್ನು ಮೊದಲ ಸಲ ನೋಡಿದ ದಿನ ನಾನು ಬೈದದ್ದೇ ಬೈದದ್ದು. ನಮ್ಮ ಹಿತ್ತಲಿನ ತಂತಿ ಬೇಲಿಯೊಳಗೆ, ಉಷ್ಣಮಾಪಕಗಳನ್ನಿಟ್ಟ ಬಿಳಿ ಪೆಟ್ಟಿಗೆಯ ಮೇಲೆ ಒಂದು ಒದ್ದೆ ಅಂಗಿ ಹರವಿತ್ತು. ಪಕ್ಕದಲ್ಲಿ ಬನಿಯನ್ನಿನಲ್ಲಿ ನಿಂತ ಒಬ್ಬ ಅಪರಿಚಿತರು.

"ಪಾರಿವಾಳದ ಗೂಡು ಅಂದ್ಕೊಂಡೆ," ಅಂದರು.

"ಪಾರಿವಾಳದ ಗೂಡಿನ ಮೇಲೆ ಬಟ್ಟೆ ಒಣಗಿಸ್ತಾರಾ ನಿಮ್ಮೂರಲ್ಲಿ?"

"ಪಾರಿವಾಳಗಳು ಇಷ್ಟೊಂದು ಬೈಯಲ್ಲ ಅಂತ."

ನಗು ಬಂತು. ನುಂಗಿಕೊಂಡೆ. ಅವರಿಗೆ ಕಂಡೇಬಿಟ್ಟಿತು.

ನಮ್ಮ ಪುರಸಭೆಗೆ ನೂರು ವರ್ಷವಾಗಿತ್ತು. ಊರಿನ ಇತಿಹಾಸ, ಹವಾಮಾನ, ಜನ ಎಂದು ಮೂರು ಭಾಗದ ಒಂದು ಪುಸ್ತಕ ಬರೆಸಲು ಅವರನ್ನು ಕರೆಸಿದ್ದರು. ಪಕ್ಕದ ಟೈಲರ್ ಮನೆಯ ಮಹಡಿಯಲ್ಲಿ ವಾಸ. ಅಂಗಿಯನ್ನು ಗಾಳಿ ಅಲ್ಲಿಂದ ನಮ್ಮ ಹಿತ್ತಲಿಗೆ ತಂದು ಹಾಕಿತ್ತು; ಹುಡುಕಿ ಬಂದವರು ಅದನ್ನು ಅಲ್ಲೇ ಹರವಿದ್ದರು. ಊರವರು ಅವರನ್ನು ಪುಸ್ತಕದವರು ಎಂದರು. ನಾನು ಮೊದಲಿನಿಂದಲೂ ಮಳೆ ಮೇಡಂ.

ಹವಾಮಾನ ಇಲಾಖೆಗೆ ಈ ಊರಿನ ಮಳೆ ಅಳೆದು ಬರೆಯುವುದು ನನ್ನ ಕೆಲಸ. ಅಪ್ಪ ಇಪ್ಪತ್ತೆರಡು ವರ್ಷ ಮಾಡಿದರು. ಅವರ ಕಣ್ಣು ಮಂಜಾದ ಮೇಲೆ ಎಂಟು ವರ್ಷದಿಂದ ನಾನು. ಬೆಳಗಿನ ಎಂಟೂವರೆಗೆ ಮಳೆಮಾಪಕದ ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ಜ್ವರ ಬಂದರೂ ಸರಿ, ನೆಂಟರ ಮದುವೆಯಿದ್ದರೂ ಸರಿ. ಆ ಎಂಟು ವರ್ಷದಲ್ಲಿ ನಾನು ಒಂದು ರಾತ್ರಿಯೂ ಬೇರೆ ಊರಲ್ಲಿ ಮಲಗಿರಲಿಲ್ಲ.

ಪುಸ್ತಕದವರು ದಿನವೂ ಎಂಟೂವರೆಗೆ ಐದು ನಿಮಿಷ ಮುಂಚೆ ಬೇಲಿಯ ಹತ್ತಿರ ಬರುತ್ತಿದ್ದರು. ಮಳೆಯಿದ್ದರೆ ಕೊಡೆ ಹಿಡಿಯುತ್ತಿದ್ದರು. ನನಗಲ್ಲ, ರಿಜಿಸ್ಟರಿಗೆ.

"ನಾನು ನೆನೆದರೆ ಪರವಾಗಿಲ್ವಾ?"

"ನೀವು ಒಣಗ್ತೀರಿ. ಇಂಕು ಹರಡಿದ್ರೆ ಆ ದಿನ ಮತ್ತೆ ಬರಲ್ಲ."

ಅಷ್ಟು ಹೇಳಿ, ಕೊಡೆಯನ್ನು ಒಂದು ಗೇಣು ನನ್ನ ಕಡೆಗೆ ಸರಿಸುತ್ತಿದ್ದರು. ಅವರ ಎಡ ಭುಜ ತೊಯ್ಯುತ್ತಿತ್ತು. ನಾನು ನೋಡಿಯೂ ನೋಡದವಳಂತೆ ಬರೆಯುತ್ತಿದ್ದೆ.

ಬಂದರಿನಲ್ಲಿ ಮರಳು ತುಂಬಿ ಹಡಗುಗಳು ನಿಂತ ಮೇಲೆ ನಮ್ಮೂರಿನ ಅರ್ಧ ಜನ ಅವುಗಳ ಹಿಂದೆಯೇ ಹೋದರು. ಉಳಿದರ್ಧ ಇವತ್ತಿಗೂ ಮನೆ ಕಟ್ಟಿದರೆ ದೊಡ್ಡ ಕಿಟಕಿ ಸಮುದ್ರದ ಕಡೆಗೇ ಇಡಿಸುತ್ತಾರೆ. ಇದಿಷ್ಟನ್ನು ಅವರು ಎರಡು ವಾರದಲ್ಲಿ ಬರೆದು ಮುಗಿಸಿದರು.

"ಹವಾಮಾನವೇ ಯಾಕೋ ಮುಗೀತಾ ಇಲ್ಲ," ಅಂದರು ಮೂರನೆಯ ತಿಂಗಳಲ್ಲಿ.

"ದಿನಾ ಬದಲಾಗುತ್ತಲ್ಲ."

"ಹವಾಮಾನಾನಾ?"

"ಮತ್ತೆ ಇನ್ನೇನು?"

ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೈಯಲ್ಲಿದ್ದ ಗಾಜಿನ ನೀರು ಅಲುಗಿ, ಮತ್ತೆ ನಿಲ್ಲುವವರೆಗೆ ಕಾಯಬೇಕಾಯಿತು. ಮಹಡಿ ಮೆಟ್ಟಿಲ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ ಟೈಲರ್ ಹೆಂಡತಿ ದಾರ ಕಚ್ಚುತ್ತಾ ಅಂದಳು, "ಅವರು ಬರೀತಿರೋದು ಮಳೆ ಬಗ್ಗೇನೋ ಮಳೆ ಮೇಡಂ ಬಗ್ಗೇನೋ, ಒಂದ್ಸಲ ಕೇಳಿಬಿಡು ತಂಗಿ."

ಸಂಜೆ ಅವರು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವುದು ಗೋಡೆಯಾಚೆ ಕೇಳುತ್ತಿತ್ತು. ತಾಯಿಯಿಲ್ಲದ ಇವರನ್ನು ಸಾಕಿದ ಅಕ್ಕ. ಈಗ ವಾರಕ್ಕೆರಡು ಸಲ ಡಯಾಲಿಸಿಸ್. "ಊಟ ಆಯ್ತಾ? ಉಪ್ಪು ಹಾಕ್ಕೊಂಡಿಲ್ಲ ತಾನೆ? ಸುಳ್ಳು ಹೇಳ್ಬೇಡಕ್ಕಾ, ದನೀಲೇ ಗೊತ್ತಾಗುತ್ತೆ." ಅಡಿಗೆಮನೆಯ ದೀಪ ಹಚ್ಚದೆ ನಿಂತು ಕೇಳುತ್ತಿದ್ದೆ.

ಪುಸ್ತಕ ಮುಗಿಯುತ್ತಾ ಬಂದಾಗ ಅಪ್ಪನೇ ಮಾತೆತ್ತಿದರು. ಪೇಪರ್ ಹಿಡಿದುಕೊಂಡೇ ಅಂದರು, "ನಾಳೆ ಅವರ ಜೊತೆ ಹಳೆ ದೀಪಸ್ತಂಭದ ಬಂಡೆಗೆ ಹೋಗಿ ಬಾ. ಅಳತೆ ನಾನು ನೋಡ್ಕೋತೀನಿ."

"ನಿಮ್ಮ ಕಣ್ಣು?"

"ಆಪರೇಷನ್ ಆದ್ಮೇಲೆ ಕಣ್ಣಿಗೇನಾಗಿದೆ? ಇಪ್ಪತ್ತೆರಡು ವರ್ಷ ಬರೆದವನಿಗೆ ಹೇಳಿಕೊಡೋಕೆ ಬರ್ತೀಯಲ್ಲ. ನಾಳೆ ಒಂದಿನ ಆದ್ರೆ, ಆಮೇಲೆ ದಿನಾನೂ ಆಗುತ್ತೆ. ನೀನು ನಿನ್ನ ದಾರಿ ನೋಡ್ಕೋಬಹುದು."

ಬೆಳಿಗ್ಗೆ ಸಮುದ್ರದ ಇಳಿತದಲ್ಲಿ ಬಂಡೆಗೆ ಮರಳಿನ ದಾರಿ ತೆರೆದಿತ್ತು. ರಾತ್ರಿಯ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು. ಎಂಟೂವರೆಗೆ ನಾನು ಗಡಿಯಾರ ನೋಡಿಕೊಂಡೆ. ಅವರು ತಮ್ಮ ಅಂಗೈಯನ್ನು ಗಡಿಯಾರದ ಮೇಲಿಟ್ಟು ಮುಚ್ಚಿದರು. ಹಾಗೇ ಇಟ್ಟುಕೊಂಡರು.

"ನಮ್ಮನೇಲಿ ಅಕ್ಕ ಇದ್ದಾಳೆ. ಚೂರು ಬಾಯಿ ಜಾಸ್ತಿ. ಸುಖವಾಗಿರುತ್ತೆ ಅಂತ ಹೇಳಲ್ಲ. ಬರ್ತೀರಾ?"

"ಬರ್ತೀನಿ."

ಇಷ್ಟು ಬೇಗ ಒಪ್ಪಿಕೊಂಡೆನಲ್ಲ ಎಂದು ನನಗೇ ನಾಚಿಕೆಯಾಯಿತು. ಅವರು ಸಮುದ್ರದ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

ಮನೆಗೆ ಬಂದಾಗ ಹತ್ತು ಗಂಟೆ. ರಿಜಿಸ್ಟರ್ ಮೇಜಿನ ಮೇಲೆ ತೆರೆದಿತ್ತು. ಇಂದಿನ ಸಾಲು ಖಾಲಿ. ಅಪ್ಪನ ದುಂಡು ಅಕ್ಷರದಲ್ಲಿ ಹನ್ನೆರಡು ಮಿಲಿಮೀಟರ್ ಎಂಬ ಅಂಕಿ ಎಂಟು ದಿನ ಹಿಂದಿನ ಸಾಲಿನಲ್ಲಿತ್ತು, ನಾನು ಅಂದು ಬರೆದಿದ್ದ ಅಂಕಿಯ ಮೇಲೆಯೇ. ಹಿತ್ತಲಿಗೆ ಓಡಿದೆ. ಮಳೆಮಾಪಕದ ಆಲಿಕೆಯನ್ನು ಎತ್ತಿಯೇ ಇರಲಿಲ್ಲ. ಬಾಟಲಿಯ ನೀರು ಅಳೆದೆ. ಮೂವತ್ತೊಂದು.

ರಾತ್ರಿ ಹಾಸಿಗೆಯಲ್ಲಿ ಕೇಳಿದ, ಹೆಂಚಿನ ಮೇಲಿನ ಮಳೆಯ ಸದ್ದನ್ನು ಅಪ್ಪ ಅಂದಾಜಿನಲ್ಲಿ ಬರೆದಿದ್ದರು. ಅಳೆಯದೆ ಒಂದಂಕಿ ಬರೆದರೆ ಕೈ ಮುರೀತೀನಿ ಎಂದು ನನಗೆ ಕಲಿಸಿದವರು. ದಿನವೂ ಪೇಪರ್ ಹಿಡಿದು ಕೂರುತ್ತಿದ್ದರು. ಹೇಳುತ್ತಿದ್ದ ಸುದ್ದಿಯೆಲ್ಲ ರೇಡಿಯೋದ್ದು. ಮಂಜಲ್ಲ, ಅವರಿಗೆ ಏನೂ ಕಾಣುತ್ತಿರಲಿಲ್ಲ.

ಒಳಗಿನಿಂದ ಕೇಳಿದರು, "ಸರಿಯಾಗಿದೆಯೇನಮ್ಮಾ?"

"ಸರಿಯಾಗಿದೆ ಅಪ್ಪಾ."

"ನೋಡಿದ್ಯಾ. ಇನ್ನು ಧೈರ್ಯವಾಗಿ ಹೋಗು."

ಮಧ್ಯಾಹ್ನ ಗೋಡೆಯ ಹತ್ತಿರ ಪುಸ್ತಕದವರಿಗೆ ಎಲ್ಲ ಹೇಳಿದೆ.

"ಅಪ್ಪನ್ನೂ ಕರ್ಕೊಂಡು ಹೋಗೋಣ," ಅಂದರು.

"ಈ ಮನೇಲಿ ಅವರಿಗೆ ಕಾಲಿಗೇ ಕಣ್ಣಿದೆ. ಎಂಟು ವರ್ಷದಿಂದ ನನಗೇ ಗೊತ್ತಾಗಲಿಲ್ಲ ಅಂದ್ರೆ ನೋಡಿ. ಬೇರೆ ಊರಿಗೆ ಹೋದ ದಿನ ಅವರು ಕುರುಡರಾಗ್ತಾರೆ."

ನೀವೇ ಇಲ್ಲಿಗೆ ಬರಬಹುದಲ್ಲ ಎಂದು ನಾನು ಕೇಳಲಿಲ್ಲ. ಅಕ್ಕನನ್ನು ಬದುಕಿಸಿಟ್ಟಿದ್ದ ಯಂತ್ರ ನಮ್ಮೂರಿನಲ್ಲಿರಲಿಲ್ಲ. ಅತಿ ಹತ್ತಿರದ್ದು ಆರು ಗಂಟೆಯ ದಾರಿ.

ಅವರೇ ಕೇಳಿದರು, "ಅಪ್ಪನಿಗೆ ಏನು ಹೇಳ್ತೀರಿ?"

"ನನ್ನ ಮನಸ್ಸು ಬದಲಾಯ್ತು ಅಂತ."

"ನಂಬಲ್ಲ ಅವರು. ನೀವು ಪಾತ್ರೆ ತೊಳೀತಾ ಗುನುಗೋದು ಗೋಡೆಯಾಚೆ ನನಗೇ ಕೇಳಿಸುತ್ತೆ. ಅವರಿಗೆ ಕೇಳಿಸಲ್ವಾ? ಕಣ್ಣಿನ ವಿಷಯ ನಿಮಗೆ ಗೊತ್ತಾಯ್ತು ಅಂತ ಹಿಡಿದುಬಿಡ್ತಾರೆ. ತಪ್ಪನ್ನ ನನ್ನ ಮೇಲೆ ಹಾಕಿ."

"ಬೇಡ."

"ಇದೊಂದಾದ್ರೂ ನಿಮಗೆ ಕೊಡ್ತೀನಿ."

ಮರುದಿನ ಬ್ಯಾಗು ಹಿಡಿದು ಬಂದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ಅಪ್ಪ ನಡುಮನೆಯಲ್ಲಿ ಎದ್ದು ನಿಂತಿದ್ದರು, ಮುಖ ಕಿಟಕಿಯ ಕಡೆಗೆ. ಇವರು ನಿಂತಿದ್ದದ್ದು ಬಾಗಿಲಲ್ಲಿ.

"ಊರಿಗೆ ಹೊರಟೆ. ಮದುವೆ ವಿಷಯ ನಾನು ದುಡುಕಿ ಹೇಳಿಬಿಟ್ಟೆ. ನನ್ನಿಂದಾಗಲ್ಲ."

ಅಪ್ಪ ಯಾರಿಗೂ ಏರು ದನಿಯಲ್ಲಿ ಮಾತಾಡಿದವರಲ್ಲ. ಅಂದು ಮಾತಾಡಿದರು. ಹೆಣ್ಣುಮಗಳ ಜೀವನ ಆಟದ ಸಾಮಾನಾ ಅಂದರು. ಅಕ್ಷರ ಕಲಿತು ಏನು ಬಂತು, ಒಂದು ಮಾತಿಗೆ ಬೆಲೆಯಿಲ್ಲ ಅಂದರು. ಖಾಲಿ ಕಿಟಕಿಗೆ ಬೆರಳು ತೋರಿಸಿ ಬೈಯುತ್ತಿದ್ದರು.

ಇವರು ಚಪ್ಪಲಿ ಬಿಟ್ಟು, ಸದ್ದಾಗದಂತೆ ಹೆಜ್ಜೆಯಿಟ್ಟು, ಅಪ್ಪ ಬೆರಳು ತೋರಿಸುತ್ತಿದ್ದ ಜಾಗಕ್ಕೆ ಹೋಗಿ ನಿಂತರು. ತಲೆ ತಗ್ಗಿಸಿದರು. ಕೊನೆಯ ಮಾತಿನವರೆಗೂ ಅಲ್ಲೇ ನಿಂತು ಬೈಸಿಕೊಂಡರು.

"ತಪ್ಪಾಯ್ತು," ಅಂದರು.

"ನನ್ನ ಮುಖ ನೋಡಿ ಹೇಳು."

"ನೋಡೇ ಹೇಳ್ತಿದ್ದೀನಿ."

ಹೇಳಿದ್ದು ನನ್ನನ್ನು ನೋಡಿ. ಆಮೇಲೆ ಹೋದರು.

ಬಸ್ಸಿನ ಸದ್ದು ಅಡಗಿದ ಮೇಲೆ ಅಪ್ಪ ಕೈ ಚಾಚಿ ನನ್ನ ತಲೆ ಹುಡುಕಿದರು. ನಾನು ಬಗ್ಗಿ ಅವರ ಅಂಗೈ ಕೆಳಗೆ ಬಂದೆ.

"ಅಳ್ಬೇಡಮ್ಮಾ. ಅಂಥವನ ಜೊತೆ ಹೋಗದೆ ಇದ್ದದ್ದೇ ಒಳ್ಳೇದಾಯ್ತು."

"ಹೌದಪ್ಪಾ," ಅಂದೆ.