ಲೇಯವ್ವ ಬೆಳಗಿದ ಬಟ್ಟಲು

"ತಪ್ಪು ಮಾಡದವರು ಬಟ್ಟಲಿಗೆ ಯಾಕ ಏಳೂದಿಲ್ಲ? ಹೇಳ್ರಿ!"

ಶಿಗ್ಗಾವಿಯ ಸಣ್ಣ ಕ್ರೈಸ್ತ ದೇವಾಲಯದ ಗೇಟಿನಲ್ಲಿ ತಬಿತಾ ದಾರಿಗೆ ಅಡ್ಡ ನಿಂತಿದ್ದಳು. ಎದುರಿಗೆ ಎಲೀಷ. ಮುಂದಿನ ವಾರ ಅವಳ ಬೆರಳಿಗೆ ಉಂಗುರ ತೊಡಿಸಬೇಕಾದವನು!

ಒಳಗೆ ಕರ್ತನ ಭೋಜನ ಈಗಷ್ಟೇ ಮುಗಿದಿತ್ತು. ತಿಂಗಳ ಮೊದಲ ಭಾನುವಾರ ಎಲ್ಲರೂ ಸಾಲಾಗಿ ಎದ್ದು ಹೋಗಿ, ಮೊಣಕಾಲೂರಿ, ರೊಟ್ಟಿ ತಿಂದು, ಒಂದೇ ಬೆಳ್ಳಿ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುವುದು ಅಲ್ಲಿಯ ರೂಢಿ. ಮನಸ್ಸು ಶುದ್ಧವಿಲ್ಲದವರು ಏಳಬಾರದು. ಸಣ್ಣ ಸಭೆ. ಯಾರು ಎದ್ದರು, ಯಾರು ಏಳಲಿಲ್ಲ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆ ದಿನ ಬೆಂಚು ಬಿಟ್ಟು ಏಳದವನು ಎಲೀಷ ಒಬ್ಬನೇ.

"ಅದನ್ನ ಹೇಳಾಕಂತನ ಬಂದೇನಿ ತಬಿತಾ," ಅವನ ದನಿ ತಗ್ಗಿತ್ತು. "ಇಲ್ಲಿ ಬ್ಯಾಡ, ಮಂದಿ ಅದಾರ. ಆ ಬೇವಿನ ಗಿಡದ ಕೆಳಗ ಬಾ."

"ಮಂದಿ ಮುಂದ ಹೇಳಲಾರದಂಥಾದ್ದು ಏನೈತಿ? ಬ್ಯಾರೆ ಹುಡುಗಿ ಯಾರರ ಅದಾಳೇನ?"

ಅವನ ಮುಖ ಬಿಳಿಚಿತು.

"ನಮ್ಮ ಮನಿತನದಾಗ ಮೂರು ತಲಿಯಿಂದ ಬಟ್ಟಲಿಗೆ ಏಳದವರು ಒಬ್ಬರಿಲ್ಲ. ಅಂಥವರ ಕಡೆ ಉಂಗುರ ಹಾಕಿಸ್ಕೊಳ್ಳೂ ದರ್ದು ನನಗಿಲ್ಲ!"

ಎಲೀಷ ಒಂದು ಕ್ಷಣ ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ... ಇದ್ದದ್ದು ನೋವು. ಪಕ್ಕದಲ್ಲಿದ್ದ ತಾಯಿ ಲೇಯವ್ವನ ಕೈ ಹಿಡಿದುಕೊಂಡು ತಮ್ಮೂರು ದುಂಡಸಿಯ ಬಸ್ಸಿನ ಕಡೆಗೆ ನಡೆದುಬಿಟ್ಟ.

ಅಲ್ಲಿಗೆ ಮುಗಿಯಿತು.

ಮುಗಿಯಿತೇ?

ತಬಿತಾ ಪೇಟೆಯಲ್ಲಿ ಹೊಲಿಗೆ ಕ್ಲಾಸು ನಡೆಸುವವಳು. ಒಮ್ಮೆ ಅವಳ ಮಷಿನ್ನಿನ ಮೋಟಾರು ಸುಟ್ಟಾಗ, ವೈಂಡಿಂಗ್ ಅಂಗಡಿಯ ಎಲೀಷ ಬಂದು ಬಿಚ್ಚಿ ನೋಡಿ, "ಮೋಟಾರಿಗಿಂತ ನಿಮ್ಮ ಸಿಟ್ಟ ಬಿಸಿ ಐತ್ರಿ ಟೀಚರ್" ಅಂದಿದ್ದ. ಅವಳು ಕತ್ತರಿ ಎತ್ತಿ ತೋರಿಸಿದ್ದಳು. ಅವನು ನಕ್ಕಿದ್ದ. ಪ್ರೀತಿ ಶುರುವಾಗಲು ಅಷ್ಟು ಸಾಕಾಗಿತ್ತು.

ಈಗ ಆ ನಗು ನೆನಪಾದರೆ ಎದೆಯಲ್ಲಿ ಸೂಜಿ ಮುರಿದ ಹಾಗೆ.

ಆದರೂ ಅವಳು ತಲೆ ಬಾಗಿಸಲಿಲ್ಲ. 'ತಪ್ಪು ಅವರದು. ಬಂದು ಕೈ ಮುಗಿದು ಕೇಳಲಿ... ನಾನೇನು ಕಲ್ಲಲ್ಲ, ಕ್ಷಮಿಸಿಬಿಡ್ತೇನಿ!' ಕ್ಷಮಿಸುವಾಗ ಏನು ಹೇಳಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ನಗಬೇಕು ಎಂದೆಲ್ಲ ಮನಸ್ಸಿನಲ್ಲೇ ಹೊಲಿದಿಟ್ಟುಕೊಂಡಿದ್ದಳು.

ತಿಂಗಳುಗಳು ಹೋದವು. ಪ್ರತಿ ಭೋಜನದ ಭಾನುವಾರ ತಬಿತಾ ತಲೆ ಎತ್ತಿಕೊಂಡು ಬಟ್ಟಲಿಗೆ ಏಳುತ್ತಿದ್ದಳು. ಎಲೀಷ ಏಳುತ್ತಿರಲಿಲ್ಲ. ಆರಾಧನೆ ಮುಗಿದ ಮೇಲೆ ಬೇವಿನ ಕೆಳಗೆ ಕಾಯುತ್ತಿದ್ದ. ಇವಳು ಹಿಂದಿನ ಬಾಗಿಲಿನಿಂದ ಹೊರಟುಬಿಡುತ್ತಿದ್ದಳು.

ಪುನರುತ್ಥಾನ ಹಬ್ಬದ ಹಿಂದಿನ ದಿನ. ಕ್ಲಾಸಿನ ಕಪಾಟು ಸ್ವಚ್ಛ ಮಾಡುತ್ತಿದ್ದ ಶಾಕೀರಾ, ಸವಣೂರಿನಿಂದ ಕಲಿಯಲು ಬರುವ ಹುಡುಗಿ, ತಳದಿಂದ ಒಂದು ಹಸಿರು ಬಟ್ಟೆ ಎಳೆದಳು.

"ತಬಿತಕ್ಕ, ಈ ಬ್ಲೌಸ್ ಪೀಸ್ ಯಾರದು? ಅಳತಿನೂ ಬರದಿಲ್ಲ."

ತಬಿತಾ ತಿರುಗಿ ನೋಡಿದಳು. "ಲೇಯವ್ವಂದು. ನಿಶ್ಚಿತಾರ್ಥಕ್ಕ ಅಂತ ತಂದಿದ್ಳು. ಇರಲಿ, ಒಳಗಿಡು."

"ಹಾಂ, ಅವತ್ತ ನೀವು ಟೇಪನ ಹಚ್ಚಲಿಲ್ಲಲ್ಲ."

"ಯಾವತ್ತ?"

"ಅಯ್ಯ, ಮರತ್ರೇನು? 'ಈ ಕೈಗೆ ಟೇಪ್ ಯಾಕ ಬೇಕು? ನಮ್ಮ ಮನಿ ಭಾಂಡೆ ತಿಕ್ಕಿದ ಕೈ, ಅಳತಿ ನಮ್ಮ ಬೋಗುಣಿಗೇ ಗೊತ್ತೈತಿ' ಅಂದ್ರೆಲ್ಲ! ಹುಡುಗ್ಯಾರೆಲ್ಲಾ ನಕ್ರು. ನಾನೂ ನಕ್ಕೆ, ಸುಳ್ಳ್ಯಾಕ ಹೇಳ್ಲಿ. ಲೇಯವ್ವನೂ ನಕ್ಳು." ಶಾಕೀರಾಳ ದನಿ ಇಳಿಯಿತು. "ಆದ್ರ ಬಾಗಲದಾಗ ಎಲೀಷಣ್ಣ ಮೋಟಾರ್ ಹಿಡಕೊಂಡು ನಿಂತಿದ್ರು ಅಕ್ಕ. ಅವರು ನಗಲಿಲ್ಲ."

"ಅದು... ಯಾವ ದಿನ?"

"ಶನಿವಾರ. ಮರುದಿನನ ನೀವು ಗೇಟಿನಾಗ ಜಗಳಾ ತಗದ್ರಿ."

ತಬಿತಾಳ ಕೈಯಿಂದ ಟೇಪು ಜಾರಿತು.

ಅಂದದ್ದು ನೆನಪಾಯಿತು. ನಗಿಸಲು ಅಂದಿದ್ದಳು, ಅಷ್ಟೇ. ಎಷ್ಟು ಸಲೀಸಾಗಿ ಅಂದಿದ್ದಳೆಂದರೆ, ಮರೆತೇ ಹೋಗಿತ್ತು! ಮಾರನೆಯ ಬೆಳಿಗ್ಗೆ ತಲೆ ಎತ್ತಿಕೊಂಡು ಬಟ್ಟಲಿಗೆ ಎದ್ದಿದ್ದಳು. ಏಳದೆ ಕೂತವನನ್ನು ಪಾಪಿ ಅಂದಿದ್ದಳು...

'ಕರ್ತಾ! ಏಳಬಾರದಿದ್ದವಳು ನಾನು!'

"ಲೇಯವ್ವ ಎಲ್ಲಿರತಾಳ ಈಗ?"

"ನಿಮ್ಮ ಚರ್ಚಿನ್ಯಾಗ ಅದಾಳ. ಬರೂ ಮುಂದ ನೋಡೇನಿ."

ದೇವಾಲಯದ ಹಿಂದಿನ ಕೋಣೆಯಲ್ಲಿ ಲೇಯವ್ವ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಭೋಜನದ ಬೆಳ್ಳಿ ಬಟ್ಟಲು. ಹಲ್ಲುಪುಡಿ ಹಚ್ಚಿ ಬಟ್ಟೆಯಿಂದ ಉಜ್ಜುತ್ತಿದ್ದಳು. ಈ ಬಟ್ಟಲನ್ನು ಬೆಳಗುವವರು ಯಾರು ಎಂದು ತಬಿತಾ ಹುಟ್ಟಿದಾಗಿನಿಂದ ಒಮ್ಮೆಯೂ ಕೇಳಿರಲಿಲ್ಲ.

"ಬಾರವ್ವಾ, ಹಂಗ್ಯಾಕ ನಿಂತಿ?"

"ಅಳತಿ... ತಗೋಳಾಕ ಬಂದೇನಿ."

ಲೇಯವ್ವ ಕೈ ಚಾಚಿದಳು. ತಬಿತಾ ಟೇಪು ಸುತ್ತಿದಳು. ಅಂಕಿ ಕಾಣಲಿಲ್ಲ, ಕಣ್ಣು ತುಂಬಿತ್ತು.

"ನಾ ಅವತ್ತ ಅಂದ ಮಾತು..."

"ಖರೇನ ಅಂದಿ. ತಿಕ್ಕೇನಿ!" ಮುದುಕಿ ಕತ್ತು ನೆಟ್ಟಗೆ ಮಾಡಿದಳು. "ನಾ ತಿಕ್ಕಿದ ಕೊಡದಾಗ ಮುಖಾ ನೋಡ್ಕೊಂಡು ನಿಮ್ಮಜ್ಜಿ ಹೆರಳ ಹಾಕ್ಕೊಂತಿದ್ಳು. ಅದರಾಗ ನನಗೇನ ನಾಚಿಕಿಲ್ಲ. ನಾಕು ಹುಡುಗ್ಯಾರ ಮುಂದ ನಗಿ ಮಾಡಿದೆಲ್ಲ, ಅದು ಚುಚ್ಚಿತು. ಆದ್ರ ದುಂಡಸಿ ಬಸ್ ಇಳಿಯೂದರೊಳಗ ಬಿಟ್ಟುಬಿಟ್ಟೆ."

"ನಾ ಕೇಳೂ ಮೊದಲ?"

"ನಾವು ಕೇಳಿದ ಮ್ಯಾಲ ಆತ ಶಿಲುಬಿ ಏರಿದನೇನ? ಕೇಳೂ ಮೊದಲ ಕೊಟ್ಟಾನ. ಅದಕ್ಕ ಅದರ ಹೆಸರು ಕೃಪೆ." ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. "ನನ್ನ ಮಗಗ ಒಂದ ದಿನ ತಡ ಆತು. ಮನಸಿನ್ಯಾಗ ಸಿಟ್ಟ ಇಟ್ಕೊಂಡು ಬಟ್ಟಲಾ ಮುಟ್ಟಬಾರದಂತ ಕುಂತ. ನಿನ್ನ ಜೋಡಿ ಮಾತಾಡಿ ಮುಗಸಾಕಂತನ ಗೇಟಿಗೆ ಬಂದಿದ್ದ."

"ಈಗೂ ಯಾಕ ಏಳವಲ್ರು?"

"ಸಿಟ್ಟ ಅವತ್ತ ಹೋಗೇತಿ. ನಿನ್ನ ಜೋಡಿ ಒಂದಾಗೂತನಾ ಏಳೂದಿಲ್ಲಂತ ಹಟ."

ತಬಿತಾ ಬಿಕ್ಕಿದಳು. "ನಾ ಅವರನ್ನ ಕ್ಷಮಿಸಬೇಕಂತ ಕಾಯಾಕತ್ತಿದ್ನಿ, ಅತ್ತಿ!"

ಲೇಯವ್ವನಿಗೆ ಆ 'ಅತ್ತಿ' ಕೇಳಿಸಿತು. ಕೇಳಿಸದವಳಂತೆ ನಕ್ಕಳು.

"ಕ್ಷಮಾ ಕೊಡೂದ ಸಸಾರ, ಮಗಳ. ಕೊಡಾಕ ಕೈ ಮ್ಯಾಲ ಇರತೈತಿ. ತಗೋಳಾಕ ಕೆಳಗ ಒಡ್ಡಬೇಕು ನೋಡು... ಅದು ಬಿರುಸು."

ಮರುದಿನ ದೇವಾಲಯ ತುಂಬಿತ್ತು. ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಪಾದ್ರಿ ಅಯ್ಯನವರು ಬಟ್ಟಲು ಎತ್ತಿದರು. ಹೆಂಗಸರ ಸಾಲು ಎದ್ದಿತು.

ತಬಿತಾ ಏಳಲಿಲ್ಲ.

ಗುಸುಗುಸು ಹಬ್ಬಿತು. ಮುಂದಿನ ಬೆಂಚಿನಿಂದ ಅವಳ ಅಪ್ಪ, ಸಭೆಯ ಹಿರಿಯ ದಾನಿಯೇಲಪ್ಪ, ಹೊರಳಿ ನೋಡಿದ. ಮೂರು ತಲೆಯ ಹೆಮ್ಮೆ ಬೆಂಚಿನ ಮೇಲೆ ಕೂತುಬಿಟ್ಟಿತ್ತು!

ಆಮೇಲೆ ಅವಳು ಎದ್ದಳು. ಬಟ್ಟಲಿನ ಕಡೆಗಲ್ಲ. ನಡುವಿನ ದಾರಿ ದಾಟಿ, ಗಂಡಸರ ಕಡೆಗೆ ಬಂದು ಎಲೀಷನ ಮುಂದೆ ನಿಂತಳು.

"ನಿಮ್ಮವ್ವನ್ನ ನಗಿ ಮಾಡೇನಿ. ಮಾಡಿದ್ದು ನೆನಪೂ ಇಟ್ಟಿರಲಿಲ್ಲ. ಮ್ಯಾಲ ಗೇಟಿನಾಗ ನಿಮ್ಮ ಮ್ಯಾಲ ಇಲ್ಲದ್ದು ಹೊರಿಸೇನಿ. ಎಲ್ಲಾರ ಮುಂದ ಅಂದೇನಿ, ಅದಕ್ಕ ಎಲ್ಲಾರ ಮುಂದನ ಕೇಳತೇನಿ..." ಎರಡೂ ಅಂಗೈ ಒಡ್ಡಿದಳು. "ಕ್ಷಮಿಸ್ರಿ."

ಎಲೀಷ ಎದ್ದು ನಿಂತ. ಆ ಅಂಗೈಗಳ ಮೇಲೆ ತನ್ನ ಕೈ ಇಟ್ಟ.

"ಕೊಟ್ಟು ಭಾಳ ದಿನಾ ಆತು ತಬಿತಾ. ನೀ ತಗೋಳಾಕ ಬರಲಿ ಅಂತ ಕಾಯಾಕತ್ತಿದ್ನಿ."

"ಬರ್ರಿ, ಇಬ್ಬರೂ ಬರ್ರಿ," ಅಯ್ಯನವರು ಬಟ್ಟಲು ಹಿಡಿದು ಕರೆದರು. "ನಿಮ್ಮ ಪಾಲು ಇನ್ನೂ ಐತಿ."

ದಾನಿಯೇಲಪ್ಪ ಎದ್ದ. ಬಯ್ಯುತ್ತಾನೆ ಎಂದುಕೊಂಡರು ಎಲ್ಲರೂ. ಅವನು ಹೆಂಗಸರ ಹಿಂದಿನ ಬೆಂಚಿಗೆ ಹೋಗಿ ಲೇಯವ್ವನ ಮುಂದೆ ಕೈ ಮುಗಿದ.

"ಬೀಗತಿ, ನೀವ ಮುಂದ ನಡೀರಿ. ನಮ್ಮ ಮನಿತನದಾಗ ಬಟ್ಟಲಿಗೆ ಎದ್ದವರು ಎಲ್ಲಾರೂ. ಹಿಂಗ ಎದ್ದಾಕಿ ನನ್ನ ಮಗಳು ಒಬ್ಬಾಕಿನ!"

ಮೊಣಕಾಲೂರಿದ ತಬಿತಾ ಬಟ್ಟಲಿಗೆ ಬಾಗಿದಳು. ಬೆಳಗಿದ ಬೆಳ್ಳಿಯಲ್ಲಿ ಅವಳ ಮುಖ ಕಂಡಿತು. ಅದರ ಪಕ್ಕದಲ್ಲೇ ಅವನದು.

ಬೇವಿನ ಗಿಡದ ಕೆಳಗೆ, ಕೊನೆಗೂ, ಇಬ್ಬರೇ.

"ಮದುವಿ ಆದ ಮ್ಯಾಲ," ಎಲೀಷ ಗಂಭೀರವಾಗಿ ಕೇಳಿದ, "ನಮ್ಮ ಮನ್ಯಾಗ ಭಾಂಡೆ ಯಾರು ತಿಕ್ಕೂದು?"

"ನೀವ!" ತಬಿತಾಳ ಕಣ್ಣಲ್ಲಿ ಹಳೆಯ ಕತ್ತರಿ ಮಿಂಚಿತು. ಆಮೇಲೆ ದನಿ ಮೆತ್ತಗಾಯಿತು. "ನಾ ಅತ್ತಿ ಕಡೆ ಬಟ್ಟಲಾ ಬೆಳಗೂದು ಕಲಿಯಾಕ ಹೋಗಬೇಕಲ್ಲ... ಪ್ರತಿ ಶನಿವಾರ."

"ಅವ್ವ ಬಿರುಸು ಅದಾಳ. ಮುಖಾ ಕಾಣೂತನಾ ಬಿಡೂದಿಲ್ಲ."

"ಬಿಡೂದು ಬ್ಯಾಡ," ಅಂದಳು ಅವಳು, ಅವನ ಭುಜಕ್ಕೆ ತಲೆ ಆನಿಸಿ.