ಗೋಡೆಯಾಚೆ ಹಬ್ಬಿದ ಬಳ್ಳಿ

“ಎಳೀಬೇಡಿ... ಈ ಕಡೆ ದಾರದಲ್ಲಿ ಕಟ್ಟಿದೀನಿ!”

ಗೋಡೆಯ ಆಚೆಯಿಂದ ಗಂಡಸಿನ ದನಿ ಬಂದದ್ದೇ ತಡ, ಸ್ಟೂಲಿನ ಮೇಲೆ ನಿಂತಿದ್ದ ಅವಳು ಬೆಚ್ಚಿದಳು. ಕೈಯಲ್ಲಿದ್ದ ಮನಿ ಪ್ಲಾಂಟ್ ಬಳ್ಳಿಯನ್ನು ಬಿಡಲೂ ಇಲ್ಲ, ಎಳೆಯಲೂ ಇಲ್ಲ.

ಚಿಕ್ಕಮ್ಮನ ಟೈಲರ್ ಅಂಗಡಿಯ ಹಿಂದಿನ ಕೋಣೆಯೇ ಅವಳ ಲೋಕ. ಕಿಟಕಿಯಿಲ್ಲ. ಒಂದು ಹೊಲಿಗೆ ಮೆಷಿನ್ನು, ಒಂದು ಟ್ಯೂಬ್‌ಲೈಟು, ಮೂಲೆಯಲ್ಲಿ ಈ ಗಿಡದ ಕುಂಡ. ಅದಕ್ಕೆ ಅವಳು ಮಾಡದ ಉಪಚಾರವಿರಲಿಲ್ಲ. ಆದರೂ ಬಳ್ಳಿ ಬೋಳುಬೋಳಾಗಿ ಉದ್ದಕ್ಕೆ ಬೆಳೆದು, ಗೋಡೆಯ ಮೇಲಿನ ಗಾಳಿಕಿಂಡಿಯೊಳಗೆ ನುಸುಳಿಕೊಂಡಿತ್ತು.

ಇಷ್ಟು ನೀರು ಕುಡಿದು ಎಲೆ ಎಲ್ಲಿ ಬಿಡ್ತಿದೆ ಇದು? ನೋಡೇಬಿಡೋಣ ಎಂದು ಅವತ್ತು ಎಳೆದಿದ್ದಳು.

ಪಕ್ಕದ್ದು ಕನ್ನಡಕದಂಗಡಿ. ಹೋಗಿ ನೋಡಿದವಳು ಬಾಗಿಲಲ್ಲೇ ನಿಂತುಬಿಟ್ಟಳು. ದೊಡ್ಡ ಕಿಟಕಿಯ ಬೆಳಕಿನಲ್ಲಿ ಅವಳದೇ ಬಳ್ಳಿ ಅಂಗೈಯಗಲದ ಎಲೆಗಳನ್ನು ಬಿಟ್ಟು, ಕಣ್ಣು ಪರೀಕ್ಷೆಯ ಅಕ್ಷರಪಟದ ಮೇಲೆಲ್ಲ ಇಳಿಬಿದ್ದಿತ್ತು! ಅಂಗಡಿಯವನು ಒದ್ದೆ ಬಟ್ಟೆಯಿಂದ ಎಲೆಯ ಧೂಳು ಒರೆಸುತ್ತಿದ್ದ.

ಬೇರು ನನಗೆ, ಎಲೆ ಇವನಿಗೆ. ಇದ್ಯಾವ ನ್ಯಾಯ?

ಮನಸ್ಸಿನಲ್ಲಿದ್ದದ್ದನ್ನು ಹಾಗೇ ಕೇಳಿಯೂಬಿಟ್ಟಳು. ಅವನು ನಕ್ಕ. ಪಟದ ಕೊನೆಯ ಸಾಲು ಎಲೆಯಡಿ ಮುಚ್ಚಿಹೋಗಿ, ಗಿರಾಕಿಗಳು ಕಾಣಲ್ಲ ಅಂದರೆ ದೋಷ ಕಣ್ಣಿನದೋ ಎಲೆಯದೋ ಅವನಿಗೇ ತಿಳಿಯುತ್ತಿರಲಿಲ್ಲವಂತೆ. ಆದರೂ ಕತ್ತರಿ ಹಾಕಲು ಮನಸ್ಸು ಬಂದಿರಲಿಲ್ಲವಂತೆ.

ಅಂದಿನಿಂದ ಗಾಳಿಕಿಂಡಿಯಲ್ಲಿ ಬಳ್ಳಿಯ ಜೊತೆ ಮಾತೂ ಓಡಾಡತೊಡಗಿತು. ದಿನಾ ಒಂದು ಚೊಂಬು ನೀರು ಹಾಕುತ್ತೇನೆಂದು ಅವಳು ಹೇಳಿದಾಗ ಅವನು ಹೌಹಾರಿದ. ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಣಗಿದ್ದರಷ್ಟೇ ಹಾಕಿ ಅಂದ. ಎಳೆಯ ಎಲೆಯೊಂದು ಸುರುಳಿ ಬಿಚ್ಚಿತೆಂದರೆ ಆಚೆಯಿಂದ ವರದಿ ಬರುತ್ತಿತ್ತು. ಮೆಷಿನ್ ನಿಲ್ಲಿಸಿ ಅವಳು ಕಿವಿಗೊಡುತ್ತಿದ್ದಳು.

ಇದನ್ನು ಹೇಳುವಾಗ ಅವನ ಮುಖ ಹೇಗಿರಬಹುದು...?

ಅಷ್ಟರಲ್ಲಿ ಅಕ್ಕನ ಬಾಣಂತನ ಬಂತು. ಊರಿಗೆ ಹೋದವಳು ತಿಂಗಳು ಕಳೆದು ಬಂದು ನೋಡುತ್ತಾಳೆ, ಗಾಳಿಕಿಂಡಿಯೇ ಇಲ್ಲ! ಅಲ್ಲಿ ಇಟ್ಟಿಗೆ, ಹೊಸ ಸಿಮೆಂಟು. ಕೆಳಗೆ ಬಳ್ಳಿಯ ಮೋಟು ನೇತಾಡುತ್ತಿತ್ತು. ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ಗುರುತು.

ಪಕ್ಕದ ಅಂಗಡಿಯ ಕಡೆಯಿಂದಲೇ ಕಟ್ಟಿದ್ದು ಎಂದರು ಚಿಕ್ಕಮ್ಮ.

ಅವನಿಗೆ ಸಾಕಾಗಿತ್ತೇ? ನನ್ನ ಮಾತು ಅತಿಯಾಯಿತೇ?

ಹಿಂದೊಮ್ಮೆ ನಿಶ್ಚಯವಾಗಿದ್ದ ಹುಡುಗನೂ ಹೀಗೇ ಕಾರಣ ಹೇಳದೆ ಮಾತು ಬಿಟ್ಟಿದ್ದ. ಆಗ ಅವಳು ಕೇಳಿರಲಿಲ್ಲ. ಕೇಳದೆ ಉಳಿದ ಆ ‘ಯಾಕೆ’ ವರ್ಷಗಟ್ಟಲೆ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲವೂ ತಲೆತಗ್ಗಿಸಿ ಹೊಲಿಯುತ್ತಲೇ ಹೋದಳು. ಅವನ ಅಂಗಡಿ ಬಂದರೆ ರಸ್ತೆ ದಾಟಿ ಆಚೆ ಬದಿ ಹಿಡಿಯುತ್ತಿದ್ದಳು.

ಒಂದು ಬೆಳಿಗ್ಗೆ ಆ ಬೋಳು ಬಳ್ಳಿಯ ಗೆಣ್ಣುಗಳಲ್ಲಿ ಹಸಿರು ಚುಕ್ಕೆಗಳು ಕಂಡವು. ಹತ್ತಿರ ಹೋಗಿ ನೋಡಿದಳು. ಚಿಗುರು! ಹಬ್ಬಿಕೊಂಡಿದ್ದಾಗ ಬಿಡದ್ದು, ಕತ್ತರಿಸಿದ ಮೇಲೆ ಬಿಡುವುದು ಹೇಗೆ?

ಇದನ್ನ ಯಾರನ್ನ ಕೇಳಲಿ...

ಕೇಳಬಹುದಾದವನು ಒಬ್ಬನೇ. ಬಿಗುಮಾನ ಕುತೂಹಲಕ್ಕೆ ಸೋತಿತು. ಎದ್ದು ಹೋದಳು.

ಅವನ ಕಿಟಕಿಯ ಕಟ್ಟೆ ತುಂಬ ಗಾಜಿನ ಲೋಟಗಳು. ಒಂದೊಂದರಲ್ಲೂ ಅವಳ ಬಳ್ಳಿಯ ತುಂಡು, ತಿಳಿನೀರಿನಲ್ಲಿ ಎಳೆ ಬಿಳಿಬೇರು.

“ಯಾಕೆ ಕತ್ತರಿಸಿದ್ರಿ?” ಕೊನೆಗೂ ಕೇಳಿದಳು.

ಇಲಿಕಾಟವೆಂದು ಕಟ್ಟಡದ ಯಜಮಾನರು ಎಲ್ಲ ಕಿಂಡಿ ಮುಚ್ಚಿಸಿದ್ದರು. ಗಾರೆಯವನು ಬಳ್ಳಿಯನ್ನೂ ಸೇರಿಸಿ ಮೆತ್ತಲು ಹೊರಟಾಗ ಇವನೇ ತಡೆದು, ಗೆಣ್ಣಿನ ಕೆಳಗೆ ಕತ್ತರಿಸಿ ನೀರಿಗಿಟ್ಟಿದ್ದ. ಗೆಣ್ಣಿದ್ದ ತುಂಡು ಬೇರು ಬಿಡುತ್ತದೆ, ತುದಿ ಹೋದ ಬಳ್ಳಿ ಕವಲೊಡೆಯುತ್ತದೆ ಎಂದು ವಿವರಿಸಿದ. ಅವಳ ಕಣ್ಣು ತುಂಬಿತು.

“ನಂಗೆ ಹೇಳಬಹುದಿತ್ತಲ್ಲ. ಕಿಂಡಿ ಹೋದ್ರೆ ಬಾಗಿಲು ಇರಲಿಲ್ವಾ?”

“ಬಂದಿದ್ದೆ. ನೀವು ಊರಲ್ಲಿದ್ದಾಗ ಒಂದ್ಸಲ, ಬಂದ ಮೇಲೆ ಒಂದ್ಸಲ. ನಿಮ್ಮ ಚಿಕ್ಕಮ್ಮನ ಎಡಗಡೆ ನಿಂತು ಎಲ್ಲ ಹೇಳಿದೆ. ಅವರು ತಲೆಯಾಡಿಸಿ, ಟೇಪು ತಗೊಂಡು ನನ್ನ ಭುಜ ಅಳೆದ್ರು.”

ಚಿಕ್ಕಮ್ಮನಿಗೆ ಎಡಗಿವಿ ಕೇಳಿಸುವುದಿಲ್ಲ.

ಆಗ ಅವಳ ಕಣ್ಣು ಅವನ ನೀಲಿ ಅಂಗಿಯ ಕಾಲರಿಗೆ ಹೋಯಿತು. ಆ ಹೊಲಿಗೆ ಅವಳದೇ! ಮುನಿಸಿನ ದಿನಗಳಲ್ಲಿ ಚಿಕ್ಕಮ್ಮ ಕತ್ತರಿಸಿ ಕೊಟ್ಟಿದ್ದನ್ನು ಯಾರದೆಂದೂ ಕೇಳದೆ ಹೊಲಿದಿದ್ದಳು. ಅಳುವಿನ ನಡುವೆಯೇ ನಗು ಉಕ್ಕಿತು.

“ಎರಡು ಅಂಗಿ ಆಯ್ತು. ಹೇಳಬೇಕಾದ್ದು ಮಾತ್ರ ಹಾಗೇ ಉಳೀತು,” ಎಂದ ಅವನು.

“ಏನದು?”

“ಗೋಡೆ ಮುಚ್ಚಿದ ಮೇಲೆ ನಿಮ್ಮ ಮೆಷಿನ್ ಸದ್ದೂ ಕೇಳಲ್ಲ. ಇಲ್ಲಿ ಕೂರೋಕೇ ಆಗ್ತಿಲ್ಲ...” ಅವನು ಕೈಯಲ್ಲಿದ್ದ ಕನ್ನಡಕ ಒರೆಸುವ ಬಟ್ಟೆಯನ್ನು ಮಡಚಿದ, ಬಿಚ್ಚಿದ. “ನನ್ನ ಮದುವೆ ಆಗ್ತೀರಾ?”

ಅವಳು ಅವನ ಮುಖವನ್ನು ನೋಡಿದಳು. ಗೋಡೆಯಾಚೆ ಕೂತು ಊಹಿಸಿದ್ದಕ್ಕಿಂತ ಅದು ಮೆತ್ತಗಿತ್ತು.

“ನಾನು ಒಪ್ಪಿದೆ. ಚಿಕ್ಕಮ್ಮನನ್ನ ನೀವೇ ಬಂದು ಕೇಳಬೇಕು.”

“ಮತ್ತೆ ಅಳತೆ ತಗೊಂಡ್ರೆ?”

“ತಗೊಳ್ಳಲಿ ಬಿಡಿ. ಮದುವೆಗೂ ಒಂದು ಅಂಗಿ ಬೇಕಲ್ಲ.”